ಮದುವೆ ಕಾಲದ ತೂಕ

ಸುಳ್ಳು ಹೇಳುವವರಲ್ಲಿ ಎರಡು ಬಗೆ. ಅಭ್ಯಾಸವಿರುವವರು ಹೇಳಿ ಮರೆತುಬಿಡುತ್ತಾರೆ. ಅಭ್ಯಾಸವಿಲ್ಲದವರು ಹೇಳಿದ ಸುಳ್ಳನ್ನು ನಿಜ ಮಾಡಲು ಹೊರಡುತ್ತಾರೆ. ತಕ್ಕಡಿ ಸಾಹೇಬರು ಎರಡನೆಯ ಬಗೆಯವರು.

ಅವರಿದ್ದದ್ದು ಅಳತೆ ಮತ್ತು ತೂಕದ ಇಲಾಖೆಯಲ್ಲಿ. ಮಾರುಕಟ್ಟೆಯ ಅಂಗಡಿ ಅಂಗಡಿಗೆ ಹೋಗುವುದು, ತಕ್ಕಡಿ ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕೇಸು ಹಾಕುವುದು. ಅವರ ಚರ್ಮದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಕಲ್ಲುಗಳು ಮಖಮಲ್ಲಿನ ಗುಳಿಗಳಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಮಲಗಿರುತ್ತಿದ್ದವು. ಅವನ್ನು ಬರಿಗೈಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಕೈಬೆವರಿಗೂ ತೂಕವಿದೆ ಎನ್ನುತ್ತಿದ್ದರು. ಒಮ್ಮೆ ಮೀನಂಗಡಿಯವನು ಇವರನ್ನು ಕಂಡು ಗಾಬರಿಯಿಂದ ತಟ್ಟೆಯ ಮೇಲಿನ ನೊಣ ಓಡಿಸಿದಾಗ, "ಇರ್ಲಿ ಬಿಡಪ್ಪ, ಅದು ದಿನಾ ಕೂರುತ್ತಲ್ಲ, ಅದರ ಸಮೇತವೇ ನೋಡೋಣ" ಎಂದಿದ್ದರಂತೆ. ಇಂಥ ಮನುಷ್ಯ ಮಾತನ್ನೂ ಅಳೆದೂ ಸುರಿದೂ ಆಡುತ್ತಿದ್ದದ್ದು ಸಹಜ. ಮನೆಯಲ್ಲಂತೂ ಅಳೆಯುವುದೇ ಆಗುತ್ತಿತ್ತು, ಸುರಿಯುವುದು ಆಗುತ್ತಿರಲಿಲ್ಲ.

ಅವರು ನಿವೃತ್ತಿ ಹತ್ತಿರ ಬಂದಾಗ ಒಂದು ಸ್ಪೋರ್ಟ್ಸ್ ಕಾರು ಕೊಂಡರು.

ಹಳೆಯದು, ಎರಡೇ ಸೀಟಿನದು, ಬಟ್ಟೆಯ ಮಾಡು, ಟೊಮೇಟೊ ಬಣ್ಣ. ಅಲ್ಯೂಮಿನಿಯಂ ಮೈ. ನಾಲ್ಕು ಗಟ್ಟಿ ಆಳುಗಳು ಸೇರಿದರೆ ಒಂದು ಪಕ್ಕ ಎತ್ತಿ ಕೆಳಗೆ ಉರುಳಿಹೋದ ನಾಣ್ಯ ಹುಡುಕಬಹುದು ಎನ್ನುವಷ್ಟು ಹಗುರ. ಮುದಿ ವಯಸ್ಸಿನಲ್ಲಿ ಹರೆಯ ಕೆಣಕಿದೆ ಎಂದು ಬೀದಿ ತೀರ್ಮಾನಿಸಿತು. ಕೆಳಮನೆಯ ನರ್ಸಮ್ಮ, ಕೆಲಸ ಬಿಟ್ಟು ವರ್ಷಗಳಾದರೂ ಬೀದಿಯವರ ನಾಡಿ ಹಿಡಿಯುವುದನ್ನು ಬಿಡದವಳು, "ಗಂಡಸರಿಗೆ ಆ ವಯಸ್ಸಲ್ಲಿ ಒಂದು ಜ್ವರ ಬರುತ್ತೆ. ಕೆಲವರು ತಲೆಗೆ ಬಣ್ಣ ಹಚ್ತಾರೆ. ಇವರಿಗೆ ತಲೇಲಿ ಏನೂ ಉಳಿದಿಲ್ಲ, ಕಾರಿಗೆ ಹಚ್ಚಿದ್ದಾರೆ" ಎಂದಳು.

ನಿಜ ಬೇರೆ ಇತ್ತು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರಿಬ್ಬರೂ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಇಂಥದೇ ಒಂದು ಕಾರು ಎದುರಿಗೆ ಹಾದುಹೋಗಿತ್ತು. ಹೆಂಡತಿ ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, "ಒಂದ್ಸಲ ಅಂಥದ್ರಲ್ಲಿ ಕೂರ್ಬೇಕು" ಎಂದಿದ್ದಳು. ಅಷ್ಟೇ. ಸಾಹೇಬರು ಉತ್ತರ ಕೊಟ್ಟಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂದಿತ್ತು. ಉತ್ತರ ಕೊಡಲು ಅವರಿಗೆ ಇಷ್ಟು ವರ್ಷ ಹಿಡಿಯಿತು.

ಮೊದಲ ಸವಾರಿ ಬೇಕರಿಯ ತನಕವೂ ಸುಖವಾಗಿರಲಿಲ್ಲ, ಬೇಕರಿಯ ಎದುರಿಗೆ ಮುಗಿದೇ ಹೋಯಿತು. ಅಲ್ಲಿ ನೀರಿನ ಪೈಪಿಗೆಂದು ರಸ್ತೆ ಅಗೆದವರು, ಅಗೆದದ್ದಕ್ಕಿಂತ ಹೆಚ್ಚು ಮಣ್ಣು ತುಂಬಿ, ಮೇಲೆ ಟಾರು ಬಳಿದು ಒಂದು ಉಬ್ಬು ಬಿಟ್ಟುಹೋಗಿದ್ದರು. ಬೀದಿಯ ಗಂಡಸರೆಲ್ಲ ಚಹಾ ಹಿಡಿದು ಬೇಕರಿ ಮುಂದೆ ನಿಲ್ಲುತ್ತಿದ್ದದ್ದು ಆ ಉಬ್ಬಿನ ಮೇಲೆ ಯಾರು ಯಾರು ಹಾರುತ್ತಾರೆ ಎಂದು ನೋಡಲಿಕ್ಕೇ. ಅಂದು ಸಾಹೇಬರು ಹಾರಿದರು. ಕಾರಿನ ಹಿಂದಿನ ಒಡೆಯ ರೇಸಿನ ಹುಚ್ಚಿನವನು. ಕಲ್ಲಿನಂಥ ಸ್ಪ್ರಿಂಗುಗಳನ್ನು ಹಾಕಿಸಿದ್ದ. ಹೆಂಡತಿಯ ಕೂದಲಿನ ಕ್ಲಿಪ್ಪು ಹಾರಿ ಹಿಂದಿನ ಸೈಕಲ್ಲಿನವನ ಬುಟ್ಟಿಗೆ ಬಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಕೆಲವು ದಿನ ಅವಳು ಮಾತಾಡಲಿಲ್ಲ. ಆ ಮನೆಯಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ.

ಕಾರನ್ನು ಸಸ್ಪೆನ್ಷನ್ ಮೇಸ್ತ್ರಿಯ ಹತ್ತಿರ ಒಯ್ಯಬೇಕೆಂದು ಹೇಳಿದವನು ಹೆಂಡತಿಯ ಅಣ್ಣ, ಅಂದರೆ ಭಾವ. ಹೇಳಿದ್ದಷ್ಟೇ ಅಲ್ಲ, ಜೊತೆಗೆ ಬಂದ. ಈ ಭಾವ ಬೆಳಿಗ್ಗೆ ಊರು ಸುತ್ತ ಓಡುವವನು, ಓಡಿ ಬಂದು ತನ್ನ ತೂಕ ನೋಡಿಕೊಳ್ಳುವವನು, ನೋಡಿಕೊಂಡದ್ದನ್ನು ಎಲ್ಲರಿಗೂ ಹೇಳುವವನು. ಗ್ಯಾರೇಜಿಗೂ ಓಟದ ಚಡ್ಡಿಯಲ್ಲೇ ಬಂದಿದ್ದ.

ಮೇಸ್ತ್ರಿ ತನ್ನನ್ನು ಮೆಕ್ಯಾನಿಕ್ ಎಂದರೆ ಸಿಟ್ಟಾಗುತ್ತಿದ್ದ. ಎಂಜಿನ್ನಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಕಾರು ಓಡೋದೇನ್ ದೊಡ್ಡ ವಿಷ್ಯ ಸಾರ್? ಕತ್ತೆನೂ ಓಡುತ್ತೆ. ಮೇಲೆ ಕೂತೋರಿಗೆ ಹೇಗನ್ಸುತ್ತೆ, ಅದು ವಿಷ್ಯ" ಎಂದು ಬಾನೆಟ್ಟಿನ ಮೇಲೆ ಎರಡೂ ಅಂಗೈ ಊರಿ ಒತ್ತಿದ. ಕಾರು ಅಲುಗಲಿಲ್ಲ. ಅವನು ಕಣ್ಣುಮುಚ್ಚಿ, ಸಂಗೀತದ ಮೇಷ್ಟರು ಅಪಸ್ವರ ಕೇಳಿದಾಗ ಮಾಡುವಂತೆ ಮುಖ ಮಾಡಿದ.

"ಕಲ್ಲು. ಇದು ಸ್ಪ್ರಿಂಗ್ ಅಲ್ಲ ಸಾರ್, ಕಲ್ಲು. ರೇಸಿನ ರಸ್ತೆ ಗಾಜಿನ ಹಾಗಿರುತ್ತೆ, ಅಲ್ಲಿಗೆ ಸರಿ. ನಮ್ಮ ರಸ್ತೆ ಹಲ್ಲು ಬಿದ್ದ ಬಾಯಿ. ಮೆತ್ತಗಿರೋ ಸ್ಪ್ರಿಂಗ್ ಹಾಕ್ತೀನಿ. ಆದ್ರೆ ತೂಕ ಬೇಕು."

"ಕಾರಿನ ತೂಕವಾ?"

"ನಿಮ್ಮದು! ಲಾರಿ ಮೇಲೆ ನೀವು ಕೂತ್ರೆ ಲಾರಿಗೆ ಗೊತ್ತಾಗಲ್ಲ. ಈ ಕಾರು ಹಾಗಲ್ಲ. ಇದರಲ್ಲಿ ಕೂತೋರೂ ಕಾರಿನ ಒಂದು ಭಾಗ. ನಿಮ್ಮಷ್ಟು ತೂಕದ ಮರಳು ಮೂಟೆ ಸೀಟಲ್ಲಿಟ್ಟು, ಸ್ಪ್ರಿಂಗಿನ ಎತ್ತರ ಹೊಂದಿಸ್ತೀನಿ. ಸ್ಪ್ರಿಂಗ್ ಪೂರ್ತಿ ಕುಗ್ಗಿದ್ರೆ ಒಳಗಿರೋ ರಬ್ಬರ್ ತುಂಡಿಗೆ ಬಡಿದು ಧಡ್ ಅನ್ನುತ್ತೆ. ಬಡಿಯದಷ್ಟು ಜಾಗ ಬಿಡ್ತೀನಿ. ಹೇಳಿ, ಎಷ್ಟು ತೂಕ?"

ಭಾವ ಸಾಹೇಬರ ಹೊಟ್ಟೆಯ ಕಡೆ ನೋಡಿದ. ನೋಡಿ, ತನ್ನ ಚಪ್ಪಟೆ ಹೊಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡ. ಆ ಕೈಯಾಡಿಸುವಿಕೆಯೇ ಎಲ್ಲ ಅನರ್ಥಕ್ಕೆ ಮೂಲ.

"ಅರವತ್ತೆಂಟು" ಎಂದರು ಸಾಹೇಬರು.

ಅದು ಪೂರ್ತಿ ಸುಳ್ಳಲ್ಲ. ಮದುವೆಯ ದಿನ ಅವರ ತೂಕ ಅಷ್ಟೇ ಇತ್ತು. ಆಮೇಲೆ ನೋಡಿಕೊಂಡಿರಲಿಲ್ಲ.

"ಅರವತ್ತೆಂಟಾ?" ಎಂದ ಭಾವ. "ಒಂದೇ ಕಾಲಿಟ್ಟು ತೂಗಿದ್ರಾ ಭಾವ?"

"ನಾನಿರೋದು ತೂಕದ ಇಲಾಖೇಲಿ" ಎಂದರು ಸಾಹೇಬರು.

"ಅಮ್ಮಾವ್ರದ್ದು?" ಎಂದು ಮೇಸ್ತ್ರಿ ಕೇಳಿದ.

ಊರಿನ ಪ್ರತಿ ತಕ್ಕಡಿಯ ಚಾಳಿಯೂ ಸಾಹೇಬರಿಗೆ ಗೊತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳ ತೂಕ ಗೊತ್ತಿರಲಿಲ್ಲ. ಒಂದೇ ಒಂದು ಸಲದ್ದು ನೆನಪಿತ್ತು. ಮದುವೆಯಾದ ವಾರ ರೈಲ್ವೆ ಸ್ಟೇಷನ್ನಿನಲ್ಲಿ, ನಾಣ್ಯ ಹಾಕಿದರೆ ಚೀಟಿ ಬರುವ ಯಂತ್ರದ ಮೇಲೆ ಅವಳು ಹತ್ತಿ ನಿಂತಿದ್ದಳು. ನಲವತ್ತೆಂಟು ಎಂದು ಬಂದಿತ್ತು. ಆಗಷ್ಟೇ ಇಲಾಖೆ ಸೇರಿದ್ದ ಸಾಹೇಬರು ಯಂತ್ರವನ್ನು ಬಗ್ಗಿ ನೋಡಿ, ಇದು ಅರ್ಧ ಕಿಲೋ ಕಡಿಮೆ ತೋರಿಸುತ್ತದೆ ಎಂದಿದ್ದರು. ಅವಳು, "ಇರ್ಲಿ ಬಿಡಿ, ನನಗೆ ಲಾಭವೇ ಆಯ್ತಲ್ಲ" ಎಂದು ನಕ್ಕಿದ್ದಳು.

"ನಲವತ್ತೆಂಟು" ಎಂದರು ಸಾಹೇಬರು.

ಭಾವ ಅವಳ ಸ್ವಂತ ಅಣ್ಣ. ಬಾಯಿ ತೆರೆದ. ಆದರೆ ಹೆಣ್ಣಿನ ತೂಕದ ವಿಷಯದಲ್ಲಿ ಗಂಡ ಹೇಳಿದ್ದಕ್ಕಿಂತ ಹೆಚ್ಚು ಎಂದು ಸಾಧಿಸಿ ಬದುಕಿ ಉಳಿದ ಅಣ್ಣಂದಿರು ಕಡಿಮೆ. ಮುಚ್ಚಿದ.

ಹೀಗೆ ಆ ಕಾರು, ಬಹಳ ವರ್ಷಗಳ ಹಿಂದೆ ಮದುವೆಯಾಗಿದ್ದ ಒಂದು ಬಡಕಲು ಜೋಡಿಗೆ ಹೇಳಿ ಮಾಡಿಸಿದಂತೆ ಸಿದ್ಧವಾಯಿತು.

ಸಾಹೇಬರು ಅದನ್ನು ಗ್ಯಾರೇಜಿನಿಂದ ಒಬ್ಬರೇ ತಂದರು. ಬೇಕರಿ ಎದುರಿನ ಉಬ್ಬು ಬಂತು. ಚಹಾದವರು ಕಪ್ಪು ಕೆಳಗಿಳಿಸಿ ಸಿದ್ಧರಾದರು. ಕಾರು ಬೆಣ್ಣೆಯ ಮೇಲೆ ಚಾಕು ಹಾಯ್ದಂತೆ ಉಬ್ಬನ್ನು ಹತ್ತಿ ಇಳಿದು ಹೋಯಿತು. ನಿರಾಶೆಯಿಂದ ಎಲ್ಲರೂ ಚಹಾ ಕುಡಿದರು.

ಮನೆಯ ಮುಂದೆ ನಿಲ್ಲಿಸಿ ಸಾಹೇಬರು ಹೆಂಡತಿಯನ್ನು ಕರೆದರು. "ಬಾ. ಈಗ ನೋಡು."

ಅವಳು ಹೊಸ ಕ್ಲಿಪ್ಪು ಹಾಕಿಕೊಂಡು, ನಾಲಿಗೆಯನ್ನು ಹುಷಾರಾಗಿ ಒಳಗಿಟ್ಟುಕೊಂಡು ಕೂತಳು. ಕಾರು ಸ್ವಲ್ಪ ತಗ್ಗಿತು. ಅದನ್ನು ಇಬ್ಬರೂ ಗಮನಿಸಲಿಲ್ಲ. ಬೇಕರಿಯ ಎದುರಿಗೆ ಬಂದರು. ಉಬ್ಬು ಹತ್ತಿದರು. ಇಳಿಯುವಾಗ ಕಾರಿನ ಹೊಟ್ಟೆಯೊಳಗಿಂದ ಬಾಗಿಲು ಬಡಿದಂತೆ ಶಬ್ದ ಬಂತು.

ಧಡ್.

ಬೇಕರಿಯವನು ಕೌಂಟರಿನ ಹಿಂದಿನಿಂದ ಇಣುಕಿ, "ಏನಾದ್ರೂ ಬಿತ್ತಾ ಸಾಹೇಬ್ರೆ?" ಎಂದ.

"ಒಬ್ರೇ ಬಂದಾಗ ಬಿದ್ದಿರ್ಲಿಲ್ಲ" ಎಂದ ಚಹಾದವನೊಬ್ಬ. ದುರುದ್ದೇಶವಿರಲಿಲ್ಲ ಅವನಿಗೆ. ಸುಮ್ಮನೆ, ಕಂಡದ್ದನ್ನು ಕಂಡ ಹಾಗೆ.

ಹೆಂಡತಿ ಕ್ಲಿಪ್ಪು ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ, "ನಾನಿಲ್ದಿದ್ರೆ ಚೆನ್ನಾಗಿ ಹೋಗುತ್ತಲ್ಲ" ಎಂದಳು. ಬಾಗಿಲು ತೆರೆದಳು. "ನಾನಿಲ್ಲೇ ಇಳೀತೀನಿ. ದಾರ ತಗೋಬೇಕು."

ಆ ರಸ್ತೆಯಲ್ಲಿ ದಾರದ ಅಂಗಡಿ ಇರಲಿಲ್ಲ. ಸಾಹೇಬರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ನಡೆದುಕೊಂಡು ಮನೆಗೆ ಹೋದಳು. ಸಾಹೇಬರು ಅವಳ ಹಿಂದೆ ಹಿಂದೆ, ನಡಿಗೆಯ ವೇಗದಲ್ಲಿ, ಒಂದು ಸಣ್ಣ ಶಬ್ದವೂ ಇಲ್ಲದ ಕಾರಿನಲ್ಲಿ ಹೋದರು.

ಮತ್ತೆ ಗ್ಯಾರೇಜು. ಮತ್ತೆ ಭಾವ, ಅವನು ಓಡುವ ದಾರಿಯಲ್ಲೇ ಗ್ಯಾರೇಜಿತ್ತು.

"ನನ್ನ ಸೆಟ್ಟಿಂಗ್ ತಪ್ಪಲ್ಲ ಸಾರ್" ಎಂದ ಮೇಸ್ತ್ರಿ. "ತಪ್ಪಿದ್ರೆ ಲೆಕ್ಕ ತಪ್ಪಿರ್ಬೇಕು. ನೀವು ಕೊಟ್ಟ ತೂಕ ಸರಿ ತಾನೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಿದೆ. ಸಾಹೇಬರು ಹೆಗಲು ಮುಟ್ಟಲಿಲ್ಲ. ಹೊಟ್ಟೆ ಒಳಗೆಳೆದುಕೊಂಡರು. "ಸರಿ" ಎಂದರು.

"ಹಾಗಾದ್ರೆ ರಸ್ತೆ ತಪ್ಪು" ಎಂದು ಮೇಸ್ತ್ರಿ ಕೈ ಒರೆಸಿಕೊಂಡ. ತನ್ನ ಕೆಲಸದಲ್ಲಿ ತಪ್ಪಿದೆ ಎಂದು ಒಪ್ಪುವುದಕ್ಕಿಂತ ಊರಿನ ರಸ್ತೆಯನ್ನೆಲ್ಲ ಹೊಸದಾಗಿ ಹಾಕಿಸಲು ಅವನು ತಯಾರಿದ್ದ.

ಸಾಹೇಬರು ಆಫೀಸಿನ ಉಗ್ರಾಣದಲ್ಲಿ ಯಾರೂ ಇಲ್ಲದಾಗ ದೊಡ್ಡ ತೂಕದ ಯಂತ್ರ ಹತ್ತಿದರು. ಎಂಬತ್ತನಾಲ್ಕು. ಇಳಿದರು. ಯಂತ್ರ ಪರೀಕ್ಷಿಸಿದರು. ಸರಿಯಿತ್ತು, ಅದರ ಮೇಲೆ ಮುದ್ರೆ ಒತ್ತಿದವರು ಅವರೇ. ಹೆಂಡತಿಯನ್ನು ಕೇಳುವಂತಿರಲಿಲ್ಲ. ಆದ್ದರಿಂದ ಸಂಜೆ ಅವಳು ಇಸ್ತ್ರಿ ಹಾಕುತ್ತಿದ್ದಾಗ ಎದುರಿಗೆ ಕೂತು, ಮೂಟೆಯ ತೂಕವನ್ನು ಕಣ್ಣಳತೆಯಲ್ಲಿ ಹೇಳುವ ತಮ್ಮ ವಿದ್ಯೆಯನ್ನು ಪ್ರಯೋಗಿಸಿದರು.

"ಏನ್ ನೋಡ್ತಿದೀರಿ?" ಎಂದಳು ಅವಳು.

"ಏನಿಲ್ಲ."

ಅವಳು ಅಂಗಿ ಮಗುಚಿದಳು. ಇನ್ನೂ ನೋಡುತ್ತಿದ್ದರು. ಅವಳ ಕಿವಿ ಸ್ವಲ್ಪ ಕೆಂಪಾಯಿತು. ಮದುವೆಯಾದ ಹೊಸತು ಬಿಟ್ಟರೆ ಅವರು ಅವಳನ್ನು ಇಷ್ಟು ಹೊತ್ತು ನೋಡಿದ್ದಿಲ್ಲ. ಅಂಗಿಯ ಕಾಲರು ಸ್ವಲ್ಪ ಸುಟ್ಟಿತು.

ಅರವತ್ತಾರು ಎಂದು ಸಾಹೇಬರ ಕಣ್ಣು ಹೇಳಿತು. ಲೆಕ್ಕ ಹಾಕಿದರು. ತಮ್ಮದು ಹದಿನಾರು ಹೆಚ್ಚು, ಅವಳದು ಹದಿನೆಂಟು, ಒಟ್ಟು ಮೂವತ್ತನಾಲ್ಕು. ಮೇಸ್ತ್ರಿಗೆ ನಿಜ ಹೇಳಿದರೆ ಅರ್ಧ ದಿನದ ಕೆಲಸ. ಆದರೆ ಜೀವಮಾನವಿಡೀ ಇನ್ನೊಬ್ಬರ ಸುಳ್ಳು ತೂಕ ಹಿಡಿದ ಮನುಷ್ಯ, ಓಟದ ಚಡ್ಡಿ ತೊಟ್ಟವನೊಬ್ಬನ ಎದುರಿಗೆ ಅದನ್ನು ಹೇಳುವುದು ಹೇಗೆ? ಕಾರನ್ನು ತಮಗೆ ಹೊಂದಿಸುವ ಬದಲು ತಾವೇ ಕಾರಿಗೆ ಹೊಂದಿಕೊಳ್ಳುವುದೆಂದು ಸಾಹೇಬರು ನಿರ್ಧರಿಸಿದರು. ತೂಕ ಇಳಿಸಬೇಕು. ಅವಳಿಗೆ ಇಳಿಸು ಎನ್ನುವ ಧೈರ್ಯವಿಲ್ಲ. ಹಾಗಾಗಿ ಅವಳ ಪಾಲಿನದನ್ನೂ ತಾವೇ ಇಳಿಸಬೇಕು. ಎಂಬತ್ತನಾಲ್ಕರಲ್ಲಿ ಮೂವತ್ತನಾಲ್ಕು ಹೋದರೆ ಐವತ್ತು. ಲೆಕ್ಕದಲ್ಲಿ ಅದು ಸಾಧ್ಯವಿತ್ತು. ಲೆಕ್ಕದಲ್ಲಿ ಎಲ್ಲವೂ ಸಾಧ್ಯ.

ಸಾಹೇಬರು ಊಟ ಬಿಟ್ಟರು. ಬೆಳಿಗ್ಗೆ ಅರ್ಧ ಸೌತೆಕಾಯಿ, ರಾತ್ರಿಗೆ ಉಳಿದರ್ಧ.

"ಹಸಿವಿಲ್ಲ" ಎಂದರು ಮನೆಯಲ್ಲಿ.

ಹೆಂಡತಿ ಸಾರಿಗೆ ಉಪ್ಪು ಕಡಿಮೆ ಮಾಡಿ ನೋಡಿದಳು, ಜಾಸ್ತಿ ಮಾಡಿ ನೋಡಿದಳು. ಕೇಳಲಿಲ್ಲ. ಕೇಳುವ ರೂಢಿ ತಪ್ಪಿ ಬಹಳ ಕಾಲವಾಗಿತ್ತು. ತಟ್ಟೆಯನ್ನು ಹಾಗೇ ಎತ್ತುವಾಗ ಅವಳ ಬಳೆ ತಟ್ಟೆಗೆ ತಾಗಿ ಸಣ್ಣಗೆ ಶಬ್ದ ಮಾಡುತ್ತಿತ್ತು.

ಆದರೆ ಒಬ್ಬ ಮನುಷ್ಯ ಊಟ ಬಿಟ್ಟರೆ ಅದು ಅವನೊಬ್ಬನ ವಿಷಯವಾಗಿ ಉಳಿಯುವುದಿಲ್ಲ. ನರ್ಸಮ್ಮ ಮೆಟ್ಟಿಲ ಬಳಿ ಅಡ್ಡಹಾಕಿ ಕಣ್ಣಿನ ರೆಪ್ಪೆ ಎಳೆದು ನೋಡಿ, "ನಾಲಿಗೆ ತೋರ್ಸಿ" ಎಂದಳು. ತೋರಿಸಿದರು. "ಹ್ಞೂಂ" ಎಂದಳು. ಆ ಹ್ಞೂಂ ಸಂಜೆಯೊಳಗೆ ಬೀದಿಯ ತುದಿ ಮುಟ್ಟಿತು. ಭಾವನಿಗೆ ಮಾತ್ರ ಹೊಟ್ಟೆ ಉರಿಯಿತು. "ಅರವತ್ತೆಂಟಕ್ಕೆ ಇಷ್ಟು ಪ್ಯಾಂಟ್ ಸಡಿಲ ಆಗಲ್ಲ ಭಾವ" ಎಂದು ಬೆಲ್ಟಿನ ಹೊಸ ತೂತು ಮುಟ್ಟಿ ನೋಡಿದ.

ಆಫೀಸಿನಲ್ಲಿ ವಿಷಯ ಬೇರೆ ದಾರಿ ಹಿಡಿಯಿತು. ಮಧ್ಯಾಹ್ನ ಕ್ಯಾಂಟೀನಿನ ವಾಸನೆ ತಡೆಯಲಾಗದೆ ಸಾಹೇಬರು ಆಫೀಸಿನ ಹೊರಗೆ, ಗೇಟಿನ ಪಕ್ಕದ ಬೆಂಚಿನಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದರು. ಕೆಲವೇ ವಾರದ ಹಿಂದೆ ಅವರಿಗಿಂತ ಕಿರಿಯನೊಬ್ಬನಿಗೆ ಬಡ್ತಿ ಸಿಕ್ಕಿತ್ತು. ನೌಕರರ ಸಂಘದ ಕಾರ್ಯದರ್ಶಿ ಎರಡನ್ನೂ ಕೂಡಿಸಿದ. ಸಂಘಕ್ಕೆ ಬಹಳ ದಿನದಿಂದ ಕೆಲಸವಿರಲಿಲ್ಲ.

"ಒಂದ್ ಮಾತಾಡ್ದೆ ಹೇಗೆ ಕೂತಿದ್ದಾರೆ ನೋಡ್ರಿ!" ಎಂದು ಅವನು ಸಹೋದ್ಯೋಗಿಗಳಿಗೆ ತೋರಿಸಿದ. "ಇದು ಮೌನ ಅಲ್ಲ, ಗುಡುಗು!"

ಮರುದಿನ ಸಾಹೇಬರು ಬೆಂಚಿಗೆ ಬಂದಾಗ ಅದರ ಮೇಲೆ ಬಟ್ಟೆಯ ಚಪ್ಪರವಿತ್ತು. ಪಕ್ಕದಲ್ಲಿ ನೀರಿನ ಹೂಜಿ. ಹಿಂದೆ ಕೆಂಪಕ್ಷರದ ಬ್ಯಾನರು: ನ್ಯಾಯ ಸಿಗುವವರೆಗೂ! ಯಾರಿಗೋ ಏನೋ ಅನ್ಯಾಯವಾಗಿರಬೇಕು, ಪಾಪ, ಎಂದುಕೊಂಡರು. ಒಳ್ಳೆಯ ಉದ್ದೇಶವೆಂದು ಎದ್ದುಹೋಗಲು ಸಂಕೋಚವಾಗಿ ಅಲ್ಲೇ ಕೂತರು. ನಾಲ್ಕಾರು ಜನ ಬಂದು ಅಕ್ಕಪಕ್ಕ ಕೂತು ಘೋಷಣೆ ಕೂಗಿದರು. ಸಾಹೇಬರೂ ಸೌಜನ್ಯಕ್ಕೆ ಮೆಲ್ಲಗೆ ದನಿಗೂಡಿಸಿದರು.

ಸುದ್ದಿ ಮಾರುಕಟ್ಟೆ ತಲುಪಿತು. ತಕ್ಕಡಿ ಸಾಹೇಬರು ಪ್ರಾಣ ಬಿಡುತ್ತಿದ್ದಾರಂತೆ! ಅವರು ಹಾಕಿದ ಕೇಸುಗಳಿಂದ ದಂಡ ಕಟ್ಟಿದವರೆಲ್ಲ ಬಂದರು. ಮೀನಂಗಡಿಯವನು ತನ್ನ ತಕ್ಕಡಿಯನ್ನೇ ಹೊತ್ತು ತಂದು ಮುಂದಿಟ್ಟ.

"ಕೊನೇ ಸಲ ಒಂದು ಮುದ್ರೆ ಒತ್ಬಿಡಿ ಸಾಹೇಬ್ರೆ. ನಿಮ್ಮ ಕೈಯಿಂದಲೇ ಆಗ್ಲಿ. ನಿಮ್ಮ ನಂತರ ಬರೋನು ನೊಣ ಲೆಕ್ಕ ಹಾಕೋನಾಗಿರ್ತಾನೋ ಇಲ್ವೋ" ಎಂದು ಕಣ್ಣೊರೆಸಿಕೊಂಡ.

ಸಾಹೇಬರು ಅಭ್ಯಾಸಬಲದಿಂದ ತಕ್ಕಡಿ ನೋಡಿದರು. "ಎಡತಟ್ಟೆ ಭಾರ" ಎಂದರು. ಅಷ್ಟು ನಿಶ್ಶಕ್ತಿಯಲ್ಲೂ ಕರ್ತವ್ಯ ಬಿಡಲಿಲ್ಲವೆಂದು ಜನ ಜೈಕಾರ ಹಾಕಿದರು. ಮೀನಂಗಡಿಯವನು ಮಾತ್ರ ಹಾಕಲಿಲ್ಲ.

ಮೇಲಧಿಕಾರಿ ಕಿಟಕಿಯಿಂದ ಇದನ್ನೆಲ್ಲ ನೋಡಿ ಬೆವರಿದರು. ಸಾಹೇಬರನ್ನೂ ಕಾರ್ಯದರ್ಶಿಯನ್ನೂ ಒಳಗೆ ಕರೆಸಿದರು. ಮನೆಗೂ ಹೇಳಿಕಳಿಸಿದರು. ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು, ಹಿಂದೆ ಭಾವ. ಈ ಸಲ ಅವನು ಪ್ಯಾಂಟು ಹಾಕಿದ್ದ. ಸಂದರ್ಭದ ಗಾಂಭೀರ್ಯ ಅದರಿಂದಲೇ ತಿಳಿಯುತ್ತಿತ್ತು.

"ನೋಡ್ರಿ" ಎಂದರು ಮೇಲಧಿಕಾರಿ, ದನಿ ತಗ್ಗಿಸಿ. "ಬಡ್ತಿ ವಿಷ್ಯ ನಾನು ಮೇಲಕ್ಕೆ ಬರೀತೀನಿ. ನೀವು ಮೊದಲು ಊಟ ಮಾಡಿ. ನಿಮಗೇನಾದ್ರೂ ಆದ್ರೆ ನನ್ನ ಕುರ್ಚಿ ಹೋಗುತ್ತೆ."

"ಯಾವ ಬಡ್ತಿ ಸಾರ್?"

"ಅದಕ್ಕೇ ಅಲ್ವೇನ್ರಿ ನೀವು ಉಪವಾಸ ಕೂತಿರೋದು?"

ಸಾಹೇಬರು ಕಾರ್ಯದರ್ಶಿಯನ್ನು ನೋಡಿದರು. ಬ್ಯಾನರು ಯಾರಿಗೆಂದು ಈಗ ಹೊಳೆಯಿತು. ಘೋಷಣೆಗೆ ದನಿಗೂಡಿಸಿದ್ದು ನೆನಪಾಗಿ ನಾಚಿಕೆಯಾಯಿತು.

"ಮತ್ಯಾಕೆ ಊಟ ಬಿಟ್ಟಿದ್ದು?" ಎಂದಳು ಹೆಂಡತಿ. ಎಲ್ಲರೂ ಅವಳತ್ತ ತಿರುಗಿದರು. "ನನ್ನ ಅಡುಗೆ ಬಗ್ಗೆ ಏನಾದ್ರೂ ಇದ್ರೆ ಮನೇಲಿ ಹೇಳಿ. ನಾನು ಹೊರಗಿನೋರ ಬಾಯಲ್ಲಿ ಕೇಳೋ ಹಾಗೆ ಮಾಡ್ಬೇಡಿ."

ಅದು ಆ ವರ್ಷ ಅವಳು ಆಡಿದ ಅತ್ಯಂತ ಉದ್ದದ ಮಾತು. ಸಾಹೇಬರು ಎದ್ದು ನಿಂತರು. ಅರ್ಧ ಸೌತೆಕಾಯಿಯ ಶಕ್ತಿಯಲ್ಲಿ ಸುಳ್ಳನ್ನು ಇನ್ನು ಹೊರುವುದು ಸಾಧ್ಯವಿರಲಿಲ್ಲ.

"ಸಾರ್, ನಾನು ತೂಕದಲ್ಲಿ ಸುಳ್ಳು ಹೇಳಿದ್ದೀನಿ."

ಮೇಲಧಿಕಾರಿ ಧಡಕ್ಕನೆ ಎದ್ದು ಬಾಗಿಲು ಮುಚ್ಚಿದರು, ಕಿಟಕಿಯ ಪರದೆ ಎಳೆದರು. "ನೀವಾ! ಎಷ್ಟು?"

"ಒಟ್ಟು ಮೂವತ್ನಾಲ್ಕು ಕಿಲೋ."

"ಮೂವತ್ನಾಲ್ಕು ಕಿಲೋ! ಯಾವ ಅಂಗಡೀಲಿ?"

"ಸಂಘಕ್ಕೂ ಇದಕ್ಕೂ ಸಂಬಂಧ ಇಲ್ಲ" ಎಂದು ಕಾರ್ಯದರ್ಶಿ ಕುರ್ಚಿಯನ್ನು ಗೋಡೆಯ ಕಡೆ ಸರಿಸಿಕೊಂಡ.

"ಅಂಗಡೀಲಿ ಅಲ್ಲ ಸಾರ್, ಗ್ಯಾರೇಜಲ್ಲಿ. ಕಾರಿಗೆ ಸ್ಪ್ರಿಂಗ್ ಹಾಕ್ಸುವಾಗ ಕೂರೋರ ತೂಕ ಕೇಳಿದ್ರು. ಕಡಿಮೆ ಹೇಳಿದೆ. ಅದಕ್ಕೇ ಧಡ್ ಅಂತು. ಅವಳ ತಪ್ಪಲ್ಲ. ಅಷ್ಟು ಇಳಿಸಿದ್ರೆ ಶಬ್ದ ಬರಲ್ಲ ಅಂತ..." ಸಾಹೇಬರು ಬೆಲ್ಟು ಮೇಲೆಳೆದುಕೊಂಡರು. "ಅದರಲ್ಲಿ ಹದಿನಾರು ಕಿಲೋ ನಂದು."

"ಮಿಕ್ಕಿದ್ದು ಯಾರ್ದ್ರಿ?" ಎಂದರು ಮೇಲಧಿಕಾರಿ. ಇಲಾಖೆಯಲ್ಲಿ ಪೂರ್ತಿ ಲೆಕ್ಕ ಕೇಳುವುದು ಅವರ ಅಭ್ಯಾಸ.

ಸಾಹೇಬರು ಹೆಂಡತಿಯ ಕಡೆ ನೋಡಲಿಲ್ಲ.

"ಮಿಕ್ಕಿದ್ದೂ ನಂದೇ ಸಾರ್."

ಮೇಲಧಿಕಾರಿ ಅವರನ್ನು ಮೇಲಿಂದ ಕೆಳಗೆ ನೋಡಿದರು. ಭಾವ ಬೆರಳು ಮಡಿಸಿ ಕೂಡಿಸತೊಡಗಿದ. "ಅರವತ್ತೆಂಟು, ಮೂವತ್ನಾಲ್ಕು... ನೂರಾ ಎರಡಾ ಭಾವ?"

"ಹೌದು" ಎಂದರು ಸಾಹೇಬರು. ತೂಕದಲ್ಲಿ ಮತ್ತೊಂದು ಸುಳ್ಳು. ಈ ಸಲ ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ.

ಹೆಂಡತಿಯ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡುತ್ತಿತ್ತು. ಅವಳು ಮೂವತ್ತನಾಲ್ಕರಲ್ಲಿ ಹದಿನಾರು ಕಳೆದು, ಉಳಿದದ್ದನ್ನು ತನ್ನ ತೂಕದಲ್ಲಿ ಕಳೆಯುತ್ತಿದ್ದಾಳೆಂದು ಗೊತ್ತಿದ್ದದ್ದು ಸಾಹೇಬರಿಗೊಬ್ಬರಿಗೇ.

"ನಂದು ನಲವತ್ತೆಂಟು ಅಂತ ಹೇಳಿದ್ರಾ?" ಎಂದಳು ಕೊನೆಗೆ.

ಸಾಹೇಬರು ತಲೆಯಾಡಿಸಿದರು.

"ಸ್ಟೇಷನ್ನಿಂದು?"

ಮತ್ತೆ ತಲೆಯಾಡಿಸಿದರು.

"ಆ ಮೆಷೀನು ಅರ್ಧ ಕಿಲೋ ಕಡಿಮೆ ತೋರಿಸ್ತಿತ್ತು" ಎಂದಳು ಅವಳು. ಡಬ್ಬಿಯ ಮುಚ್ಚಳ ತೆರೆದು ಮೇಲಧಿಕಾರಿಯ ಫೈಲುಗಳ ಮೇಲೇ ಇಟ್ಟಳು. "ಊಟ ಮಾಡಿ."

ಮೇಲಧಿಕಾರಿಗೆ ಯಾವ ಸ್ಟೇಷನ್, ಯಾವ ಮೆಷೀನ್ ಒಂದೂ ತಿಳಿಯಲಿಲ್ಲ. ಆ ಯಂತ್ರಕ್ಕೆ ಮುದ್ರೆ ಒತ್ತಿದವರು ಯಾರು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಸಾಹೇಬರು ಮೊದಲ ತುತ್ತು ಬಾಯಿಗಿಟ್ಟದ್ದನ್ನು ಕಾರ್ಯದರ್ಶಿ ಪರದೆ ಸರಿಸಿ ಹೊರಗಿನವರಿಗೆ ತೋರಿಸಿ, "ಗೆದ್ವಿ!" ಎಂದು ಕೂಗಿದ. ಏನು ಗೆದ್ದೆವು ಎಂದು ಯಾರೂ ಕೇಳಲಿಲ್ಲ. ಮೀನಂಗಡಿಯವನು ಎಡತಟ್ಟೆಯ ವಿಷಯ ಯಾರಿಗೂ ನೆನಪಾಗುವ ಮುಂಚೆ ತಕ್ಕಡಿ ಹೊತ್ತು ಹೊರಟ.

ಮುಂದಿನ ರಜೆಯ ದಿನ ಗಂಡಹೆಂಡಿರಿಬ್ಬರೂ ಗ್ಯಾರೇಜಿಗೆ ಹೋದರು. ವಿಷಯ ಕೇಳಿದ ಮೇಸ್ತ್ರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನಾನು ಹೇಳ್ಲಿಲ್ವಾ, ಸೆಟ್ಟಿಂಗ್ ತಪ್ಪಿರ್ಲಿಲ್ಲ! ಮದುವೆ ಕಾಲದ ನೀವಿಬ್ರೂ ಬಂದು ಕೂತಿದ್ರೆ ತೊಟ್ಟಿಲ ಹಾಗೆ ಹೋಗ್ತಿತ್ತು" ಎಂದ. "ಈ ಸಲ ಮರಳು ಮೂಟೆ ಬೇಡ. ಇಬ್ರೂ ಕೂತ್ಕೊಳ್ಳಿ. ನಾನು ಮುಗೀತು ಅನ್ನೋವರೆಗೂ ಇಳಿಯೋ ಹಾಗಿಲ್ಲ."

ನಾಲ್ಕು ಚಕ್ರದ ಕೆಳಗೂ ಒಂದೊಂದು ಚಪ್ಪಟೆ ತೂಕದ ಯಂತ್ರ ಇಟ್ಟ. ಗೋಡೆಯ ಮೇಲಿನ ಫಲಕದಲ್ಲಿ ದೊಡ್ಡ ಅಂಕಿ ಮೂಡಿತು. ಭಾವ ಬಾಗಿಲಲ್ಲಿ ಕುತ್ತಿಗೆ ಉದ್ದ ಮಾಡಿದ.

"ಅಣ್ಣ, ನೀನು ಓಡೋಕೆ ಹೋಗಿಲ್ವಾ ಇವತ್ತು?" ಎಂದಳು ಹೆಂಡತಿ.

ಅವನು ಓಡಿದ.

"ಅದರಲ್ಲಿ ಯಾರ್ದು ಎಷ್ಟು?" ಎಂದು ಅವಳು ಮೇಸ್ತ್ರಿಯನ್ನು ಮೆಲ್ಲಗೆ ಕೇಳಿದಳು.

"ಇಲ್ಲಿ ಕಾಣೋದು ಒಟ್ಟು ಮಾತ್ರ ಅಮ್ಮ" ಎಂದ ಮೇಸ್ತ್ರಿ ಕಾರಿನ ಅಡಿಯಿಂದ. "ಹೊರೋನಿಗೆ ಒಟ್ಟು ಸಾಕು."

ಮಧ್ಯಾಹ್ನವಿಡೀ ಅವರು ಆ ನಿಂತ ಕಾರಿನಲ್ಲಿ ಅಕ್ಕಪಕ್ಕ ಕೂತಿದ್ದರು. ಎಲ್ಲಿಗೂ ಹೋಗುವಂತಿರಲಿಲ್ಲ, ಮಾಡಲು ಏನೂ ಇರಲಿಲ್ಲ. ಕೆಳಗೆ ಮೇಸ್ತ್ರಿ ಸ್ಪ್ರಿಂಗಿನ ಉಂಗುರ ತಿರುವಿದಾಗಲೆಲ್ಲ ಕಾರು ಒಂದು ಕೂದಲೆಳೆಯಷ್ಟು ಏಳುತ್ತಿತ್ತು, ಒಂದು ಕೂದಲೆಳೆಯಷ್ಟು ಇಳಿಯುತ್ತಿತ್ತು. ಸಾಹೇಬರ ಹೊಟ್ಟೆ ಗುಡುಗುಟ್ಟಿತು. ಹೆಂಡತಿ ಮಡಿಲಿನ ಡಬ್ಬಿ ತೆರೆದಳು.

"ತಿನ್ಬೇಡಿ! ಲೆಕ್ಕ ಕೆಡುತ್ತೆ!" ಎಂದು ಕೆಳಗಿನಿಂದ ಕೂಗಿದ ಮೇಸ್ತ್ರಿ.

"ಡಬ್ಬಿ ಆಗ್ಲೇ ಕಾರಲ್ಲಿದೆ" ಎಂದರು ಸಾಹೇಬರು, ಇಲಾಖೆಯ ದನಿಯಲ್ಲಿ. "ಡಬ್ಬೀಲಿದ್ರೂ ಹೊಟ್ಟೇಲಿದ್ರೂ ತೂಕ ಅಷ್ಟೇ."

ಹೆಂಡತಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಗೋಡೆಯ ಮೇಲಿನ ಅಂಕಿ ನಡುಗಿತು.

"ಅಲ್ಲಾಡ್ಬೇಡೀಮ್ಮ!" ಎಂದ ಮೇಸ್ತ್ರಿ.

ಸಂಜೆ ಬೇಕರಿಯ ಎದುರಿಗೆ ಬಂದಾಗ ಚಹಾದವರೆಲ್ಲ ಇದ್ದರು. ಹೆಂಡತಿ ಕ್ಲಿಪ್ಪಿನ ಮೇಲೆ ಒಂದು ಕೈಯಿಟ್ಟುಕೊಂಡಳು. ಸಾಹೇಬರು ರಸ್ತೆ ನೋಡುವುದನ್ನು ಬಿಟ್ಟು ಅವಳ ಮುಖ ನೋಡಿದರು. ತಕ್ಕಡಿಯಲ್ಲಿ ಕೊನೆಯ ಕಲ್ಲು ಇಟ್ಟ ಮೇಲೆ ಮುಳ್ಳು ಯಾವ ಕಡೆಗೆ ಹೋಗುತ್ತದೆಂದು ಹೀಗೆಯೇ ನೋಡುತ್ತಿದ್ದರು. ಕಾರು ಉಬ್ಬು ಹತ್ತಿತು. ಇಳಿಯಿತು. ಒಮ್ಮೆ ತಗ್ಗಿ, ಒಮ್ಮೆ ಎದ್ದು, ಸಮಕ್ಕೆ ಬಂದು ಮುಂದೆ ಸಾಗಿತು. ಶಬ್ದವಿಲ್ಲ.

ಅವಳು ಕ್ಲಿಪ್ಪಿನಿಂದ ಕೈ ತೆಗೆದಳು.

ಮನೆಯ ತಿರುವು ಬಂತು. ಸಾಹೇಬರು ತಿರುಗಿಸಲು ಹೊರಟರು.

"ನೇರ ಹೋಗಿ" ಎಂದಳು ಅವಳು. "ಬಸ್ ಸ್ಟಾಪ್ ಮುಂದಿಂದ."

ಬಸ್ ಸ್ಟಾಪಿನಲ್ಲಿ ಚೀಲ ಹಿಡಿದವರು, ಕೊಡೆ ಹಿಡಿದವರು ಸಾಲಾಗಿ ನಿಂತಿದ್ದರು. ಟೊಮೇಟೊ ಬಣ್ಣದ ಕಾರು ಕಂಡು ಎಲ್ಲರ ತಲೆಯೂ ಒಟ್ಟಿಗೆ ತಿರುಗಿತು. ಹೆಂಡತಿ ಯಾರನ್ನೂ ನೋಡದೆ, ಬೆನ್ನು ನೆಟ್ಟಗೆ ಮಾಡಿ, ಎದುರಿಗೆ ನೋಡುತ್ತ ಕೂತಳು.

"ಸ್ವಲ್ಪ ನಿಧಾನ" ಎಂದಳು.

"ಆಗ್ಲಿ" ಎಂದರು ಸಾಹೇಬರು. ಈ ಸಲ ಉತ್ತರ ಕೊಡಲು ಅವರಿಗೆ ಸಮಯವಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ.